ಪೀಣ್ಯದ ಜಲ್ಲಿಯ ಮೇಲೆ ನಾಲ್ಕು ಮೊಟ್ಟೆ

ಆ ವರ್ಷಗಳಲ್ಲಿ ನಾನು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದೆ. ಕೈಯಿಂದ ಯಂತ್ರದೊಳಗೆ ಕೂರುವ ಬಳೆಯಂಥ ಹಿತ್ತಾಳೆಯ ಬುಷ್ ಮಾಡುತ್ತಿದ್ದೆ, ಬಾಯಿಂದ ಉಳಿದದ್ದೆಲ್ಲ ಮಾಡುತ್ತಿದ್ದೆ. ಕಂಪ್ರೆಸರ್ ಗಾಳಿ ಬಿಡುವ ಸದ್ದು, ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗಿನ ಕುಂಯ್ ಕುಂಯ್, ತುಮಕೂರು ರಸ್ತೆಯ ಬಸ್ಸಿನಲ್ಲಿ ಅರ್ಧ ಮೂಗಿನಿಂದಲೂ ಅರ್ಧ ಬಾಯಿಂದಲೂ ಹೊರಡುವ ಕಂಡಕ್ಟರನ ಕೂಗು, ಎಲ್ಲದಕ್ಕೂ ನನ್ನ ಗಂಟಲಲ್ಲಿ ಜಾಗವಿತ್ತು. ಮನುಷ್ಯರನ್ನಂತೂ ಬಿಡುತ್ತಿರಲೇ ಇಲ್ಲ. ಮೂರು ದಿನ ನನ್ನ ಪಕ್ಕ ಕೂತು ಊಟ ಮಾಡಿದವರು ನಾಲ್ಕನೆಯ ದಿನ ತಮ್ಮ ಕೆಮ್ಮನ್ನು ನನ್ನ ಬಾಯಲ್ಲಿ ಕೇಳಬೇಕಾಗುತ್ತಿತ್ತು. ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದೆ. ಅಮ್ಮನಿಗೆ ಫೋನ್ ಮಾಡಿದರೆ ಅವಳು ಮೊದಲು ‘ಯಾರು?’ ಎನ್ನುತ್ತಿದ್ದಳು. ಆಮೇಲೆ ‘ನಿಜವಾಗ್ಲೂ ಯಾರು?’ ಎನ್ನುತ್ತಿದ್ದಳು.

ನನ್ನ ಪಕ್ಕದ ಮೆಷಿನ್ ಓಡಿಸುತ್ತಿದ್ದವನು ಕೊಪ್ಪಳದ ಕಡೆಯವನು. ಬಾಗಲಗುಂಟೆಯಲ್ಲಿ ನಾವಿಬ್ಬರೂ ಒಂದೇ ರೂಮು. ನನಗಿಂತ ಐದಾರು ವರ್ಷ ದೊಡ್ಡವನು, ಅದಕ್ಕೆ ಅಣ್ಣ ಎನ್ನುತ್ತಿದ್ದೆ. ಮಾಡಿದ ಮಾಲನ್ನು ಅಳೆದು ನೋಡಿ ಪಾಸು ಅಥವಾ ಫೇಲು ಮಾಡಲು ಒಬ್ಬ ಮೇಡಂ ಇದ್ದರು. ಕೂದಲಿಗಿಂತ ತೆಳುವಾದ ತಪ್ಪನ್ನೂ ಬರಿಗಣ್ಣಲ್ಲಿ ಹಿಡಿಯುವ ಹೆಂಗಸು. ಗೇಟಿನಲ್ಲಿ ವಾಚ್‌ಮನ್ ತಾತ. ನಮ್ಮ ಶೆಡ್ಡು ನಿಂತಿರುವ ಜಾಗದಲ್ಲೇ ತಾವು ಹುಡುಗರಾಗಿದ್ದಾಗ ರಾಗಿ ಹೊಲ ಕಾಯುತ್ತಿದ್ದುದಾಗಿ ಹೇಳುತ್ತಿದ್ದರು. ‘ಆಗ್ಲೂ ಕಾಯ್ತಿದ್ದೆ, ಈಗ್ಲೂ ಕಾಯ್ತಾವ್ನಿ. ಆಗ ಗಿಳಿ ಓಡಿಸ್ತಿದ್ದೆ, ಈಗ ನಿಮ್ನ ಎಣಿಸ್ತೀನಿ’ ಎನ್ನುವುದು ಅವರ ಮಾತು. ಇವರೆಲ್ಲರ ಮೇಲೆ ಮಾಲೀಕರು. ಅವರ ಪ್ರತಿ ಮಾತೂ ‘ಸೀ’ ಎಂದು ಶುರುವಾಗಿ ‘ಅಷ್ಟೇ ಪಾಯಿಂಟು’ ಎಂದು ಮುಗಿಯುತ್ತಿತ್ತು. ನನ್ನಂಥವನಿಗೆ ಇಂಥ ಮಾಲೀಕರು ಸಿಗುವುದು ಪುಣ್ಯ.

ಶೆಡ್ಡಿನ ಹಿಂದೆ ಒಂದು ಖಾಲಿ ಅಂಗಳವಿತ್ತು. ಇನ್ನೊಂದು ಶೆಡ್ಡು ಕಟ್ಟಿಸುತ್ತೇವೆಂದು ಅಲ್ಲಿ ಜಲ್ಲಿ ಹರಡಿಸಿ, ಆಮೇಲೆ ಯಾವ ಕಾರಣಕ್ಕೋ ಕೆಲಸ ನಿಲ್ಲಿಸಿದ್ದರು. ಒಂದು ಮೂಲೆಯಲ್ಲಿ ಸ್ಕ್ರಾಪ್ ತುಂಬಿದ ತಳ್ಳುಗಾಡಿ, ಇನ್ನೊಂದು ಮೂಲೆಯಲ್ಲಿ ಕಂಬದ ಮೇಲೆ ನೀರಿನ ಟ್ಯಾಂಕು, ನಡುವೆ ಬರೀ ಬಿಸಿಲು. ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಊಟದ ಡಬ್ಬಿ ಹಿಡಿದು ಹಿಂದಿನ ಗೋಡೆಯ ನೆರಳಿಗೆ ಹೋಗುತ್ತಿದ್ದ ನಮ್ಮ ಮೇಲೆ ಒಂದು ಮಧ್ಯಾಹ್ನ ಹಕ್ಕಿಯೊಂದು ಕಿರುಚುತ್ತಾ ಎರಗಿ ಬಂತು. ಉದ್ದನೆಯ ಹಳದಿ ಕಾಲು, ಕಪ್ಪು ತಲೆ, ಕಣ್ಣಿನ ಮುಂದೆ ಯಾರೋ ಕುಂಕುಮ ಮೆತ್ತಿದಂಥ ಕೆಂಪು ತೊಗಲು. ಕಿರುಚಾಟ ಕೇಳಿ ಬಂದ ತಾತ ಹೇಳಿದರು, ಟಿಟ್ಟಿಭ. ಅದಕ್ಕೆ ಗೂಡಿನ ಗೊಡವೆಯೇ ಇಲ್ಲ. ಜಲ್ಲಿಯನ್ನು ಕಾಲಿನಿಂದ ಸ್ವಲ್ಪ ಸರಿಸಿ, ಅಂಗೈಯಷ್ಟು ತಗ್ಗು ಮಾಡಿ, ಅಲ್ಲೇ ನಾಲ್ಕು ಮೊಟ್ಟೆ ಇಟ್ಟಿತ್ತು. ಮೊಟ್ಟೆಗಳೂ ಜಲ್ಲಿಯ ಬಣ್ಣ, ಮೇಲೆ ಗ್ರೀಸ್ ಮೆತ್ತಿದಂತೆ ಕಪ್ಪು ಮಚ್ಚೆ. ಎಲ್ಲಿದೆ ಎಂದು ತಾತ ಬೆರಳು ತೋರಿಸಿದ ಮೇಲೂ ನನಗೆ ಕಾಣಲು ಸಮಯ ಹಿಡಿಯಿತು.

‘ಈ ಬೆಂಗ್ಳೂರಲ್ಲಿ ಮರ ಇಲ್ವಾ ಇದಕ್ಕೆ? ಪೀಣ್ಯದ ಜಲ್ಲೀನೇ ಬೇಕಿತ್ತಾ?’ ಎಂದೆ.

‘ನೀನ್ಯಾಕ್ಲಾ ಇಲ್ಲಿಗ್ ಬಂದೆ? ನಿಮ್ಮೂರಲ್ಲಿ ಮನೆ ಇರ್ಲಿಲ್ವಾ?’ ಎಂದರು ತಾತ.

ಹೊಸ ಕೂಗು ಸಿಕ್ಕಿದ ಮೇಲೆ ನಾನು ಬಿಡುವವನಲ್ಲ. ‘ಟಿಟ್ಟೀ ಟಿಟ್ಟಿಟ್, ಟಿಟ್ಟೀ ಟಿಟ್ಟಿಟ್.’ ಮೊದಲ ದಿನ ಗಂಟಲು ಕೆರೆಯಿತು. ಎರಡನೆಯ ದಿನ ನಾಲಿಗೆಯ ತುದಿ ಹಲ್ಲಿಗೆ ಎಲ್ಲಿ ತಾಗಬೇಕೆಂದು ಗೊತ್ತಾಯಿತು. ಮೂರನೆಯ ದಿನ ಗೇಟಿನ ಹಿಂದೆ ಅವಿತು ಕೂಗಿದರೆ ತಾತ ಕುರ್ಚಿಯಿಂದ ಎದ್ದು ನಿಂತು ಆಕಾಶ ನೋಡಿದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ಆದರೆ ಕಲಾವಿದನಿಗೆ ಸಭೆ ಬೇಕಲ್ಲ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ಊಟಕ್ಕೆ ಕೂತ ಎಲ್ಲರ ಮುಂದೆ ಕಾರ್ಯಕ್ರಮ ಇಟ್ಟುಕೊಂಡೆ. ಕಲ್ನಾರಿನ ಹೆಂಚಿನ ಕೆಳಗೆ ಬೆಳಗಿನಿಂದ ಬೆಂದವರು ನಾವು. ಗಾಳಿಯೇ ಇರಲಿಲ್ಲ. ಹಕ್ಕಿ ಮೊಟ್ಟೆಗಳ ಮೇಲೆ ನಿಂತಿತ್ತು. ನಾನು ಕೂಗಿದೆ. ಹಕ್ಕಿ ಚಂಗನೆ ಮೇಲೆದ್ದು ಕಿರುಚಿತು. ಪಕ್ಕದ ಕಾಂಪೌಂಡಿನಿಂದ ಅದರ ಜೋಡಿಯೂ ಹಾರಿ ಬಂತು. ಎರಡೂ ನಮ್ಮ ತಲೆಯ ಮೇಲೆ ಸುತ್ತು ಹೊಡೆದವು. ಶತ್ರು ಎಲ್ಲಿ ಎಂದು ಅವಕ್ಕೆ ತಿಳಿಯುತ್ತಿಲ್ಲ. ನೆಲಕ್ಕಿಳಿದು ಮೊಟ್ಟೆಯ ಕಡೆ ನಾಲ್ಕು ಹೆಜ್ಜೆ ಇಟ್ಟೊಡನೆ ನಾನು ಮತ್ತೆ ಕೂಗುತ್ತಿದ್ದೆ. ಮತ್ತೆ ಹಾರುತ್ತಿದ್ದವು. ಡಬ್ಬಿಯ ಮುಚ್ಚಳ ಬಡಿದು ಎಲ್ಲರೂ ನಕ್ಕರು. ‘ಸಕ್ಕತ್ ಗುರು, ಇನ್ನೊಂದ್ಸಲ!’ ಎಂದರು. ನಾನು ಇನ್ನೊಂದು ಸಲ, ಇನ್ನೂ ಒಂದು ಸಲ, ಹಾಗೆ ಸುಮಾರು ಹತ್ತು ನಿಮಿಷ ನಡೆಸಿದೆ.

ಕೆಲಸದ ಹೊತ್ತಿನಲ್ಲಿ ಗೇಟು ಬಿಟ್ಟು ಬರುವುದೇ ಅಪರೂಪವಾದ ತಾತ ಆವತ್ತು ಹಿಂದಿನ ಅಂಗಳಕ್ಕೆ ನಡೆದು ಬಂದರು. ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದು ಬಿಸಿಲಿಗೆ ಎಳೆದುಕೊಂಡು ಹೋಗಿ, ಕೂರಿಸಿ, ನನ್ನ ಅಂಗೈಯನ್ನು ಜಲ್ಲಿಯ ಮೇಲೆ ಒತ್ತಿ ಹಿಡಿದರು.

‘ಎಣಿಸ್ಲಾ.’

‘ಏನ್ ಎಣಿಸ್ಲಿ ತಾತ?’

‘ಇಪ್ಪತ್ತರ್ ಗಂಟ ಎಣಿಸು.’

ನಾನು ಅವರ ದನಿಯಲ್ಲೇ ‘ವಂದೂ, ಯಲ್ಡೂ’ ಎಂದು ಶುರುಮಾಡಿದೆ. ನೆರಳಲ್ಲಿ ಕೂತವರು ಮತ್ತೆ ನಕ್ಕರು. ಐದಕ್ಕೆ ಬರುವಾಗ ತಾತನ ದನಿ ಹೋಗಿ ನನ್ನದೇ ದನಿ ಬಂತು. ಏಳಕ್ಕೆ ‘ಬಿಡಿ ತಾತ’ ಎಂದೆ. ಎಂಟಕ್ಕೆ ಕೈ ಕಿತ್ತುಕೊಂಡೆ. ಅಂಗೈ ಬಾಣಲಿಗೆ ತಾಗಿದಂತೆ ಕೆಂಪಾಗಿತ್ತು.

‘ನಿಂಗೆ ಕೈ ಕಿತ್ಕಳಕ್ಕಾಯ್ತು. ಮೊಟ್ಟೆ ಏನ್ ಮಾಡ್ತದೆ?’ ಎಂದರು ತಾತ. ‘ಅವ್ಳು ಅಲ್ಲಿ ಕಾವು ಕೊಡಕ್ಕೆ ನಿಂತವ್ಳೆ ಅಂದ್ಕಂಡ್ಯಾ? ಈ ಬಿಸ್ಲಲ್ಲಿ ಯಾರ್ ಕೊಡ್ತಾರ್ಲಾ ಕಾವು? ನೆಳ್ಳು ಕೊಡ್ತಾ ನಿಂತವ್ಳೆ. ಬೆಳಿಗ್ಗೆ ಬೆಚ್ಚಗಿಡಕ್ಕೆ ಕೂರ್ತಾಳೆ, ಮಧ್ಯಾನ ಬೇಯದಂಗೆ ಕಾಯಕ್ಕೆ ನಿಲ್ತಾಳೆ. ನೀನು ಅವ್ಳನ್ನ ಎಬ್ಬಿಸಿ ಎಬ್ಬಿಸಿ ನಗ್ತಾ ಇದ್ದೀಯ.’

ಅಷ್ಟು ಹೇಳಿ ಗೇಟಿಗೆ ಹೋದರು. ನಾನು ಊಟ ಮುಗಿಸದೆ ಡಬ್ಬಿ ಮುಚ್ಚಿದೆ.

ಕೋಳಿ ಕಾವಿಗೆ ಕೂರುವುದು ನೋಡಿ ಬೆಳೆದವನು ನಾನು. ಹಕ್ಕಿ ಮೊಟ್ಟೆಯ ಮೇಲಿದೆ ಎಂದರೆ ಬಿಸಿ ಕೊಡುತ್ತಿದೆ ಎಂದೇ ಲೆಕ್ಕ. ಅದು ಎದ್ದರೆ ಸ್ವಲ್ಪ ತಣ್ಣಗಾಗುತ್ತದೆ, ಮತ್ತೆ ಬಂದು ಕೂತರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅಂಗೈ ಉರಿ ಎರಡು ದಿನ ಹೋಗಲಿಲ್ಲ. ಬುಷ್ ಹಿಡಿದಾಗಲೆಲ್ಲ ಒಂದೇ ಯೋಚನೆ: ಹತ್ತು ನಿಮಿಷದಲ್ಲಿ ಮೊಟ್ಟೆಯೊಳಗೆ ಏನಾಗಿರಬಹುದು? ಸಂಜೆ ರೂಮಿನಲ್ಲಿ ಅಣ್ಣನಿಗೆ ಹೇಳಿದೆ, ‘ಆ ಮೊಟ್ಟೆ ಒಡೆದು ಮರಿ ಆಗೋ ತನಕ ಹಿಂದಿನ ಅಂಗಳದಲ್ಲಿ ನನ್ನ ಬಾಯಿಂದ ಒಂದು ಸದ್ದು ಬರಲ್ಲ.’

‘ನೀ ಬಾಯಿ ಮುಚ್ಚತೀಯೇನು?’ ಅಣ್ಣ ರೊಟ್ಟಿ ಮುರಿಯುತ್ತಾ ನಕ್ಕ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಆಗಷ್ಟೇ ಏಳುತ್ತಿದ್ದವು. ‘ಅದಕ್ಕಿಂತ ಮೊದಲ ಮೆಟ್ರೋ ಓಡತೈತಿ ತಮ್ಮಾ.’

ನನ್ನ ಮೆಷಿನ್ನಿನ ಪಕ್ಕದಲ್ಲೇ ಹಿಂದಿನ ಶಟರ್ ಇತ್ತು. ಗಾಳಿಗೆಂದು ಅದನ್ನು ಮೊಣಕಾಲಿನೆತ್ತರ ಎತ್ತಿಟ್ಟಿರುತ್ತಿದ್ದರು. ಬಗ್ಗಿದರೆ ಗೂಡು ನೇರ ಕಾಣುತ್ತಿತ್ತು. ಒಂದು ಬುಷ್ ಕಟ್ ಆಗುವಷ್ಟರಲ್ಲಿ ಒಂದು ಸಲ ಬಗ್ಗುವುದು ಅಭ್ಯಾಸವಾಯಿತು. ಹಾಗೆ ನೋಡುತ್ತಾ ಒಂದು ವಿಷಯ ಗಮನಕ್ಕೆ ಬಂತು. ಬಿಸಿಲೇರಿದ ಮೇಲೆ ಜೋಡಿ ಹಕ್ಕಿ ಬಂದು ಸರದಿ ತೆಗೆದುಕೊಳ್ಳುವಾಗ ಅದರ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಟ್ಟೆಯ ಬಿಳಿ ಗರಿಗಳು ಒದ್ದೆಯಾಗಿ ಅಂಟಿಕೊಂಡಿರುತ್ತಿದ್ದವು. ಆ ಒದ್ದೆ ಹೊಟ್ಟೆಯನ್ನು ಮೊಟ್ಟೆಗಳಿಗೆ ತಾಗಿಸಿ ನಿಧಾನವಾಗಿ ಕೂರುತ್ತಿತ್ತು.

ತಾತನನ್ನು ಕೇಳಿದರೆ, ‘ಎದೆ ನೆನೆಸ್ಕಂಡ್ ಬತ್ತಾಳೆ. ಬಟ್ಟೆ ನೆನೆಸಿ ಅಣೆ ಮೇಲೆ ಆಕಲ್ವಾ ಜ್ವರ ಬಂದ್ರೆ? ಅಂಗೇ’ ಎಂದರು, ಇದೇನು ದೊಡ್ಡ ಸುದ್ದಿ ಎನ್ನುವಂತೆ.

ಎಲ್ಲಿ ನೆನೆಸುತ್ತದೆ? ಅದನ್ನು ಕೇಳಿದಾಗ ತಾತ ಟ್ಯಾಂಕಿನ ಬುಡದ ಕಡೆ ಬೆರಳು ತೋರಿಸಿದರು. ಟ್ಯಾಂಕಿನ ಪೈಪಿನ ಜಾಯಿಂಟಿನಲ್ಲಿ ಒಂದು ಸೋರಿಕೆ ಇತ್ತು. ಕೆಳಗೆ ಮೊರದಗಲದ ಕೆಸರು, ಮೇಲೆ ಎರಡು ಬೆರಳು ನೀರು. ಹಕ್ಕಿಯ ನೀರು ಅದೇ. ಹಿಂದಿನ ದಿನವಷ್ಟೇ ಮಾಲೀಕರು, ‘ಸೀ, ಬೋರ್‌ವೆಲ್ ಇಳೀತಾ ಇದೆ, ಟ್ಯಾಂಕರ್ ತರಿಸ್ತಿದ್ದೀವಿ, ಒಂದು ಹನಿ ಸೋರಬಾರ್ದು, ಅಷ್ಟೇ ಪಾಯಿಂಟು’ ಎಂದು ಆ ಸೋರಿಕೆ ನಿಲ್ಲಿಸುವ ಕೆಲಸವನ್ನು ನನಗೇ ವಹಿಸಿದ್ದರು. ನಾನು ಜಾಯಿಂಟು ಬಿಚ್ಚಿ, ಬಿಳಿ ಟೇಪು ಸುತ್ತಿ, ಎಷ್ಟು ಬಿಗಿಯಾಗಿ ಕಟ್ಟಿದ್ದೆನೆಂದರೆ ಒಂದು ಹನಿಯೂ ಬೀಳದು. ಮಾಡಿ ಮುಗಿಸಿ ಎದೆ ಬೇರೆ ಉಬ್ಬಿಸಿದ್ದೆ. ಈಗ ನೋಡಿದರೆ ಕೆಸರು ಒಣಗಿ ಬಿರುಕು ಬಿಟ್ಟಿದೆ. ಹಕ್ಕಿ ಅದರ ಮೇಲೆ ನಿಂತು ಕೊಕ್ಕಿನಿಂದ ಕುಕ್ಕಿ ನೋಡುತ್ತಿದೆ.

ಅಂದಿನಿಂದ ಅದು ಗೋಡೆ ದಾಟಿ ದೂರದ ಮೋರಿಗೆ ಹೋಗತೊಡಗಿತು. ಮೋರಿಯ ನೀರಿಗೆ ದಿನಕ್ಕೊಂದು ಬಣ್ಣ. ಹೋಗಿ ಬರುವ ಹೊತ್ತೂ ಹೆಚ್ಚಾಯಿತು. ಗೂಡಿನಲ್ಲಿ ನಿಂತ ಹಕ್ಕಿ ಕೊಕ್ಕು ತೆರೆದು, ರೆಕ್ಕೆ ಜೋತುಬಿಟ್ಟು ಏದುಸಿರು ಬಿಡುವುದು ಶಟರಿನ ಸಂದಿಯಿಂದ ಕಾಣುತ್ತಿತ್ತು. ಬಾಯಿಂದ ಮಾಡಿದ ತಪ್ಪು ಒಂದಾಯಿತು, ಕೈಯಿಂದ ಮಾಡಿದ್ದು ಎರಡನೆಯದು. ಇನ್ನು ಬಿಡಬಾರದು, ನೀರು ಕೊಟ್ಟೇ ತೀರಬೇಕು ಎಂದು ನಿರ್ಧರಿಸಿದೆ. ನಿರ್ಧಾರ ಚೆನ್ನಾಗಿತ್ತು. ಅದರ ಹಿಂದಿನ ಬುದ್ಧಿ ಮಾತ್ರ ಲೇತ್ ಮೆಷಿನ್ನಿನದು.

ನಮ್ಮಲ್ಲಿ ಲೋಹ ಕತ್ತರಿಸುವಾಗ ಬಿಸಿಯಾಗದಿರಲೆಂದು ಕೂಲೆಂಟ್ ಬಿಡುತ್ತಾರೆ. ನೀರಿಗೆ ಒಂದು ಬಗೆಯ ಎಣ್ಣೆ ಬೆರೆಸಿದ್ದು, ನೋಡಲು ಹಾಲಿನಂತೆ. ಅಣ್ಣ ಮತ್ತು ನಾನು ಕೂತು ಯೋಚಿಸಿದೆವು.

‘ನೀರು ಇಟ್ಟರ ತಾಸಿನ್ಯಾಗ ಆರತೈತಿ. ಕೂಲೆಂಟ್ ಲಗೂ ಆರಂಗಿಲ್ಲ’ ಎಂದ ಅಣ್ಣ.

‘ಕಬ್ಬಿಣಾನೇ ತಣ್ಣಗಿಡುತ್ತೆ, ಮೊಟ್ಟೆ ಯಾವ ಲೆಕ್ಕ?’ ಎಂದೆ ನಾನು.

ಇಬ್ಬರಿಗೂ ನಮ್ಮ ಜಾಣತನದ ಮೇಲೆ ಬಹಳ ಗೌರವ ಮೂಡಿತು. ಬೆಳಗಿನ ಟೀ ಹೊತ್ತಿಗೆ ಮೆಷಿನ್ನಿನ ಕೆಳಗಿನ ಒಂದು ತಗಡಿನ ಟ್ರೇ ತೆಗೆದು, ಹೊಸ ಕೂಲೆಂಟ್ ತುಂಬಿಸಿ, ಒಣಗಿದ ಕೆಸರಿನ ಜಾಗದಲ್ಲಿಟ್ಟು ಬಂದೆ. ಶಟರಿನ ಬಳಿ ಬಗ್ಗಿ ಕಾದೆ. ಬಿಸಿಲು ಆಗಲೇ ನೆತ್ತಿಗೆ ಹತ್ತುತ್ತಿತ್ತು. ಒಂದು ಹಕ್ಕಿ ಮೊಟ್ಟೆಯ ಮೇಲಿತ್ತು. ಇನ್ನೊಂದು ಟ್ರೇಯನ್ನು ಕಂಡು ಅನುಮಾನದಿಂದ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಮೇಡಂ ಟೀ ಲೋಟ ಹಿಡಿದು ನನ್ನ ಪಕ್ಕ ಬಂದು ಬಗ್ಗಿದರು. ‘ಅದೇನೋ ಹಾಲಿಟ್ಟಿದ್ದೀಯ? ನಾಗರಪಂಚಮಿ ಇನ್ನೂ ದೂರ ಇದೆ ಕಣೋ.’

‘ಹಾಲಲ್ಲ ಮೇಡಂ, ಕೂಲೆಂಟು. ಹಕ್ಕಿ ಹೊಟ್ಟೆ ನೆನೆಸ್ಕೊಳ್ಳೋಕೆ.’

ಅವರ ಮುಖ ನೋಡಿದೆ. ನಾನು ಮಾಡಿದ ಎಷ್ಟೋ ಬುಷ್‌ಗಳನ್ನು ತಿರಸ್ಕರಿಸುವಾಗಲೂ ಆ ಮುಖ ಮಾಡಿರಲಿಲ್ಲ. ‘ಅದ್ರಲ್ಲಿ ಎಣ್ಣೆ ಇದ್ಯಲ್ಲೋ! ನಮ್ಮಮ್ಮ ಮಾರೋ ಮೊಟ್ಟೆಗೆ ಎಣ್ಣೆ ಸವರ್ತಿದ್ರು, ಕೆಡದೆ ಇರ್ಲಿ ಅಂತ. ಕಾವಿಗಿಡೋ ಮೊಟ್ಟೆ ಮುಟ್ಟೋಕೆ ಮುಂಚೆ ಸೋಪು ಹಾಕಿ ಕೈ ತೊಳ್ಕೋತಿದ್ರು. ಎಣ್ಣೆ ಹತ್ತಿದ್ರೆ ಮೊಟ್ಟೆ ಉಸಿರು ಕಟ್ಟುತ್ತೆ, ಮರಿ ಒಳಗೇ ಸಾಯುತ್ತೆ. ತೆಗಿ, ತೆಗಿ ಅದನ್ನ!’

ಹಕ್ಕಿ ಟ್ರೇಯಿಂದ ಐದು ಹೆಜ್ಜೆ ದೂರದಲ್ಲಿತ್ತು. ಇಲ್ಲಿಂದಲೇ ಅದನ್ನು ತಡೆಯಲು ನನ್ನ ಬಾಯಿಗೆ ಬರುತ್ತಿತ್ತು. ಒಂದು ಕೂಗು ಹೊಡೆದರೆ ಸಾಕು. ಆದರೆ ಆ ಕೂಗಿಗೆ ಎರಡೂ ಹಾರುತ್ತವೆ, ಶತ್ರು ಎಲ್ಲಿ ಎಂದು ಹುಡುಕುತ್ತಾ ಸುತ್ತುತ್ತಲೇ ಇರುತ್ತವೆ. ಅದನ್ನು ಒಮ್ಮೆ ನೋಡಿದ್ದೆ. ಶಟರಿನ ಕೆಳಗೆ ನುಸುಳಿ ಓಡಿದೆ. ಹಕ್ಕಿಯ ಒಂದು ಕಾಲು ಟ್ರೇಯ ಅಂಚಿನ ಮೇಲಿತ್ತು. ನಾನು ಬಂದ ರಭಸಕ್ಕೆ ಅದು ಹಾರಿತು, ಗೂಡಿನ ಹಕ್ಕಿಯೂ ಎದ್ದಿತು. ಟ್ರೇ ಎತ್ತಿ ಕಾಂಪೌಂಡಿನ ಬುಡಕ್ಕೆ ಚೆಲ್ಲಿ, ಬಂದ ದಾರಿಯಲ್ಲೇ ಓಡಿ ಬಂದು, ಶಟರಿನ ಒಳಗೆ ಹೊಟ್ಟೆ ಅಡಿಯಾಗಿ ಮಲಗಿದೆ. ಈ ಸಲ ಯಾರೂ ಹೇಳದೆ ನಾನೇ ಎಣಿಸಿದೆ. ಎಪ್ಪತ್ತಕ್ಕೆ ಒಂದು ಹಕ್ಕಿ ನೆಲಕ್ಕಿಳಿಯಿತು. ತೊಂಬತ್ತಕ್ಕೆ ನಿಂತು ಸುತ್ತ ನೋಡಿತು. ನೂರು ದಾಟಿ ಸ್ವಲ್ಪ ಹೊತ್ತಿಗೆ ಮೊಟ್ಟೆಗಳ ಮೇಲೆ ಬಂದು ನೆರಳಾಯಿತು. ನನ್ನ ಶರ್ಟು, ಮುಖ, ಕೂದಲು ಎಲ್ಲ ಕೂಲೆಂಟ್. ಮೆಷಿನ್ ಹತ್ತಿರ ಹೋದಾಗ ಅಣ್ಣ, ‘ಈಗ ನೀ ಕೆಡೂದಿಲ್ಲ ಬಿಡು, ವರ್ಷಗಟ್ಟಲೆ ಇರತಿ’ ಎಂದ.

ಮೇಡಂ ಮಾತ್ರ ನಗಲಿಲ್ಲ. ತಮ್ಮ ಟೇಬಲ್ಲಿನಿಂದ ಒಂದು ಹಳದಿ ಚೀಟಿ ತಂದರು. ನಮ್ಮಲ್ಲಿ ಒಂದು ಕ್ರಮವಿತ್ತು. ಪಾಸಾದ ಮಾಲಿಗೆ ಹಸಿರು ಚೀಟಿ, ಫೇಲಾದದ್ದಕ್ಕೆ ಕೆಂಪು, ಇನ್ನೂ ತೀರ್ಮಾನ ಆಗದ್ದಕ್ಕೆ ಹಳದಿ. ಹಳದಿ ಚೀಟಿ ಕಟ್ಟಿದ ಮಾಲನ್ನು ಮೇಡಂ ಬಿಟ್ಟು ಯಾರೂ ಮುಟ್ಟುವಂತಿಲ್ಲ, ಮಾಲೀಕರೂ ಕೂಡ. ಅವರು ಅದರ ಮೇಲೆ ‘ನಾಲ್ಕು ಪೀಸ್. ಪರೀಕ್ಷೆ ಬಾಕಿ’ ಎಂದು ಬರೆದು, ಗೂಡಿಗೆ ಹೋಗುವ ದಾರಿಯಲ್ಲಿ ಒಂದು ಕಂಬಿ ನೆಟ್ಟು ಕಟ್ಟಿದರು. ಅಂದಿನಿಂದ ಊಟಕ್ಕೆ ಹಿಂದಿನ ಗೋಡೆಯ ಬಳಿ ಯಾರೂ ಹೋಗಲಿಲ್ಲ. ಶೆಡ್ಡಿನ ಒಳಗೇ ಬೆವರು ಒರೆಸಿಕೊಳ್ಳುತ್ತಾ ತಿಂದರು. ಹಕ್ಕಿಯ ಮೇಲಿನ ಕರುಣೆಗೋ ಚೀಟಿಯ ಮೇಲಿನ ಭಯಕ್ಕೋ ಎಂದು ನಾನು ಕೇಳಲು ಹೋಗಲಿಲ್ಲ.

ನೀರಿನ ವಿಷಯದಲ್ಲಿ ಆಮೇಲೆ ಹೆಜ್ಜೆ ಹೆಜ್ಜೆಗೂ ತಾತನನ್ನು ಕೇಳಿಯೇ ನಡೆದೆ. ತಗಡು ಬೇಡ, ನೀರೇ ಕುದಿಯುತ್ತದೆ ಎಂದರು. ಬಾಗಲಗುಂಟೆಯ ರಸ್ತೆ ಬದಿಯಲ್ಲಿ ಮಡಕೆ ಮಾರುವವಳ ಬಳಿ ಅಗಲ ಬಾಯಿಯ ಮಣ್ಣಿನ ಬೋಗುಣಿ ಕೊಂಡೆ. ಅದನ್ನು ಅಂಚಿನ ತನಕ ನೆಲದಲ್ಲಿ ಹೂತು, ಹಕ್ಕಿ ಜಾರದಂತೆ ಒಳಗೆ ಮರಳು ಹಾಕಿದೆ. ಟ್ಯಾಂಕರ್ ನೀರು ಮುಟ್ಟುವ ಹಾಗಿರಲಿಲ್ಲ. ರೂಮಿನಿಂದ ದಿನಾ ಎರಡು ದೊಡ್ಡ ಬಾಟಲಿ ಹೊತ್ತು ತಂದೆ. ನಮ್ಮ ರೂಮಿಗೆ ನೀರು ಬರುತ್ತಿದ್ದದ್ದೇ ಮೂರು ದಿನಕ್ಕೊಮ್ಮೆ. ಅಣ್ಣ ಸ್ನಾನದ ಬಕೆಟ್ ನೋಡಿ ನಿಟ್ಟುಸಿರು ಬಿಟ್ಟ. ‘ನನ್ನ ಜಳಕ ಹಕ್ಕಿ ಮಾಡಾಕತ್ತೈತಿ. ಮಾಡ್ಲಿ. ಅದಾದ್ರೂ ಚಂದ ಕಾಣ್ಲಿ.’ ಎಂದು ಹೇಳಿದವನೇ ಮರುದಿನದಿಂದ ತಾನೂ ಒಂದು ಬಾಟಲಿ ತುಂಬಿಸತೊಡಗಿದ.

ಮೊದಲೆರಡು ದಿನ ಹಕ್ಕಿ ಬೋಗುಣಿಯ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಹತ್ತಿರ ಬಂದು ಹೋಯಿತು. ನಾಲ್ಕನೆಯ ದಿನ ಮಧ್ಯಾಹ್ನ ಬೋಗುಣಿಯೊಳಗೆ ಕುಕ್ಕರಿಸಿ, ಹೊಟ್ಟೆಯ ಗರಿಗಳನ್ನು ಕೆದರಿ, ಆಚೆ ಈಚೆ ಅಲುಗಾಡಿ ನೆನೆಸಿಕೊಂಡು ಗೂಡಿಗೆ ಓಡಿತು. ನಾನು ಆನಂದಕ್ಕೆ ಶಿಳ್ಳೆ ಹೊಡೆಯಲಿದ್ದೆ, ಅಣ್ಣ ಎಣ್ಣೆ ಬಟ್ಟೆಯಿಂದ ನನ್ನ ಬಾಯಿ ಮುಚ್ಚಿದ.

ತೊಂದರೆ ಇದ್ದದ್ದು ಭಾನುವಾರದ್ದು. ಅಂದು ಶೆಡ್ಡಿಗೆ ರಜೆ, ತಾತನಿಗೂ ರಜೆ. ಬದಲಿಗೆ ಏಜೆನ್ಸಿಯಿಂದ ವಾರಕ್ಕೊಬ್ಬ ಹೊಸ ವಾಚ್‌ಮನ್ ಬರುತ್ತಿದ್ದ, ಅವನಿಗೆ ಟಿಟ್ಟಿಭವೂ ಗೊತ್ತಿಲ್ಲ, ಹಳದಿ ಚೀಟಿಯೂ ಗೊತ್ತಿಲ್ಲ. ಬೋಗುಣಿಯ ನೀರು ಅರ್ಧ ದಿನವೂ ನಿಲ್ಲುತ್ತಿರಲಿಲ್ಲ. ನಾನು ಮಾಲೀಕರ ಕೋಣೆಗೆ ಹೋದೆ. ಅವರೆದುರು ನನ್ನ ದನಿಯಲ್ಲಿ ಮಾತಾಡಿದ್ದು ಅದೇ ಮೊದಲಿರಬೇಕು.

‘ಸಾರ್, ಭಾನುವಾರ ಒಂದು ಗಂಟೆ ಒಳಗೆ ಬಿಡ್ಬೇಕಿತ್ತು.’

‘ಓವರ್‌ಟೈಮಾ?’

‘ಇಲ್ಲ ಸಾರ್. ಹಕ್ಕಿಗೆ ನೀರು.’

‘ಸೀ, ಯಾವ ನೀರು? ಟ್ಯಾಂಕರ್ ನೀರಾ?’

‘ನಮ್ಮ ರೂಮಿಂದು ಸಾರ್.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನೀನು ನನ್ನ ಥರ ಮಾತಾಡ್ತೀಯಂತಲ್ಲ. ಮಾಡು, ನೋಡೋಣ.’

ಇಲ್ಲ ಸಾರ್, ಯಾರು ಹೇಳಿದ್ದು ಸಾರ್ ಎಂದು ಜಾರಿಕೊಳ್ಳಬಹುದಿತ್ತು. ಆದರೆ ಭಾನುವಾರ ಬೇಕಿತ್ತು. ಗಂಟಲು ಸರಿಮಾಡಿಕೊಂಡು, ಹುಬ್ಬು ಅವರಂತೆ ಮೇಲೇರಿಸಿ, ಹೇಳಿಯೇ ಬಿಟ್ಟೆ: ‘ಸೀ, ಈ ಹುಡುಗನಿಗೆ ಭಾನುವಾರ ಗೇಟು ತೆಗೀರಿ. ನಮ್ಮ ಕಾಂಪೌಂಡಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ನಿಂತಿರೋರೆಲ್ಲ ನಮ್ಮ ಸ್ಟಾಫೇ. ಅಷ್ಟೇ ಪಾಯಿಂಟು.’

ಅವರು ಕನ್ನಡಕ ಮತ್ತೆ ಏರಿಸಿಕೊಂಡು ನನ್ನನ್ನು ನೋಡಿದರು. ‘ನನ್ನ ದನಿ ಇಷ್ಟು ಕೀರಲಾ?’ ಎಂದರು.

‘ಬಿಸಿಲಿಗೆ ಸಾರ್, ಸ್ವಲ್ಪ ಒಣಗಿದೆ.’

ಅವರು ಫೋನ್ ಎತ್ತಿ ಏಜೆನ್ಸಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ‘ಸೀ, ಒಂದೇ ಗಂಟೆ. ಅಷ್ಟೇ...’ ಎಂದವರು ಮುಂದಿನ ಪದವನ್ನು ಬಾಯಿಯೊಳಗೇ ಹಿಡಿದುಕೊಂಡು, ಕೈ ಬೀಸಿ ಹೋಗು ಎಂದರು.

ಭಾನುವಾರದ ಪೀಣ್ಯವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂದು ಮೆಷಿನ್ ಸದ್ದಿಲ್ಲ, ಲಾರಿ ಇಲ್ಲ. ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ನಕಲು ಮಾಡಲು ಅಲ್ಲಿ ಏನೂ ಇರಲಿಲ್ಲ. ಅಂಗಳಕ್ಕೆ ಬಂದಾಗ ಬೋಗುಣಿ ಒಣಗಿತ್ತು. ಒಂದೇ ಹಕ್ಕಿ ಗೂಡಿನ ಮೇಲೆ ನಿಂತಿತ್ತು, ಬಾಯಿ ತೆರೆದು. ಗಂಟಲು ಪಟಪಟನೆ ಅದುರುತ್ತಿತ್ತು. ಜೋಡಿ ಎಲ್ಲೂ ಕಾಣಲಿಲ್ಲ. ನೀರು ಸುರಿದು ಮರಳಿ ಗೋಡೆಯ ಮರೆಗೆ ಬಂದು ಕೂತೆ.

ಹಕ್ಕಿಗೆ ನೀರು ಕಂಡಿತ್ತು. ಆದರೆ ಅದು ಹೋದರೆ ಮೊಟ್ಟೆಗೆ ಬಿಸಿಲು. ಹೋಗದಿದ್ದರೆ ಅದು ಇನ್ನೆಷ್ಟು ಹೊತ್ತು ನಿಂತೀತು? ಎರಡು ಸಲ ಒಂದೊಂದು ಹೆಜ್ಜೆ ಇಟ್ಟು ಹಿಂದಕ್ಕೆ ಬಂತು. ನಾನು ಎದ್ದು ಹೋಗಿ ಕೈಯಿಂದ ನೆರಳು ಮಾಡುವ ಹಾಗಿಲ್ಲ, ಹತ್ತಿರ ಹೋದರೆ ಅದು ಗೂಡು ಬಿಡುತ್ತದೆ. ನಾನು ಮಾಡಬಹುದಾದದ್ದು ಅಲುಗಾಡದೆ ಕೂರುವುದೊಂದೇ. ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ನೊಣ ಮೂಗಿನ ಮೇಲೆ ಕೂತಿತು, ಓಡಿಸಲಿಲ್ಲ. ಮಾಲೀಕರು ಕೊಟ್ಟ ಗಂಟೆ ಮುಗಿಯಿತು. ಏಜೆನ್ಸಿಯವನು ದೂರದಿಂದ ಕೈಗಡಿಯಾರ ತೋರಿಸಿದ. ಕೈ ಮುಗಿದು ಇನ್ನೂ ಸ್ವಲ್ಪ ಎಂದು ಸನ್ನೆ ಮಾಡಿದೆ. ಕೊನೆಗೆ ಹಕ್ಕಿ ಒಮ್ಮೆಲೇ ಓಡಿತು. ಬೋಗುಣಿಯಲ್ಲಿ ಕುಕ್ಕರಿಸಿತು, ಒಂದು ಸಲ, ಎರಡು ಸಲ ಅಲುಗಾಡಿತು, ಪೂರ್ತಿ ನೆನೆಯುವ ಮೊದಲೇ ಎದ್ದು ಓಡಿ ಬಂದು ಮೊಟ್ಟೆಗಳ ಮೇಲೆ ಒದ್ದೆ ಹೊಟ್ಟೆ ಇಟ್ಟಿತು. ನನಗೇ ಗೊತ್ತಿಲ್ಲದಂತೆ ಎಣಿಸುತ್ತಿದ್ದೆ. ಇಪ್ಪತ್ತಾರು. ಆಮೇಲೆ ಅದು ಇನ್ನೂ ಎರಡು ಸಲ ಹೋಗಿ ಬಂತು. ಜೋಡಿ ಹಾರಿ ಬಂದದ್ದು ನಾನು ಎದ್ದು ಹೊರಟ ಮೇಲೆ.

ಆ ಬೇಸಿಗೆಯಲ್ಲಿ ಮಳೆ ಒಂದು ಸಲ ಗುಡುಗಿ, ಸದ್ದು ಮಾತ್ರ ಕೊಟ್ಟು ಹೋಯಿತು. ನಾವು ದಿನಕ್ಕೆ ಮೂರು ಸಲ ನೀರು ತುಂಬಿಸುವುದನ್ನು ಬಿಡಲಿಲ್ಲ. ಮುಂದಿನ ಭಾನುವಾರ ಅಣ್ಣನೂ ನನ್ನೊಂದಿಗೆ ಬಂದ.

ಮೇ ತಿಂಗಳ ಮಧ್ಯದಲ್ಲಿ ಒಂದು ಬೆಳಿಗ್ಗೆ ಮೇಡಂ ನನ್ನನ್ನು ಶಟರಿನ ಬಳಿ ಕರೆದು ಬೆರಳು ತೋರಿಸಿದರು. ಜಲ್ಲಿಯ ಕಲ್ಲುಗಳ ನಡುವೆ ಮೂರು ಕಲ್ಲು ನಡೆದಾಡುತ್ತಿದ್ದವು. ಕಡ್ಡಿಯಂಥ ಕಾಲು, ಮೈಮೇಲೆ ಬೂದು ಬಣ್ಣದ ಹತ್ತಿ. ಹುಟ್ಟಿದ ಕೆಲವೇ ಗಂಟೆಗೆ ನಡಿಗೆ! ನಾಲ್ಕನೆಯ ಮೊಟ್ಟೆ ಹಾಗೆಯೇ ಬಿದ್ದಿತ್ತು. ಸಂಜೆಯಾದರೂ ಒಡೆಯಲಿಲ್ಲ, ಮರುದಿನವೂ ಒಡೆಯಲಿಲ್ಲ. ಅದು ನನ್ನ ಆ ಹತ್ತು ನಿಮಿಷದ ಮೊಟ್ಟೆಯೋ, ಮೊದಲಿನಿಂದಲೂ ಜೊಳ್ಳಾಗಿತ್ತೋ ತಿಳಿಯದು. ನಾನು ತಾತನನ್ನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮರಿ ಕಂಡ ದಿನವೇ ಮಧ್ಯಾಹ್ನದ ಸೈರನ್ ಆದ ಕೂಡಲೇ ಇಡೀ ಶೆಡ್ಡು ಶಟರಿನ ಬಳಿ ನೆರೆಯಿತು. ಮಾಲೀಕರೂ ಬಂದು ಬಗ್ಗಿ ನಿಂತರು. ಮರಿಗಳು ಗೂಡು ಬಿಟ್ಟು ಸ್ಕ್ರಾಪ್ ಗಾಡಿಯ ಅಡಿಯ ನೆರಳಿನ ಕಡೆ ಹೊರಟಿದ್ದವು. ನಡುವೆ ಹತ್ತು ಹನ್ನೆರಡು ಮಾರು ಬಿಸಿಲು.

‘ಮಗಾ, ಇವತ್ತು ಮರಿ ಆಯ್ತಲ್ಲ, ನಿನ್ನ ಹರಕೆ ಮುಗೀತು. ಹೊಡಿ ಒಂದು ಕೂಗು’ ಎಂದ ಒಬ್ಬ.

‘ಹೌದು ಗುರು, ಎಷ್ಟು ದಿನ ಆಯ್ತು ಕೇಳಿ!’

‘ಸೀ, ನಾನೂ ಕೇಳಿಲ್ಲ ಅದನ್ನ’ ಎಂದರು ಮಾಲೀಕರು.

ಗಂಟಲು ತಾನಾಗಿಯೇ ಸಿದ್ಧವಾಯಿತು. ನಾಲಿಗೆ ಹಲ್ಲಿಗೆ ಹೋಯಿತು. ಆದರೆ ಬೆಳಿಗ್ಗೆಯೇ ತಾತ ಹೇಳಿದ್ದರು, ಆ ಕೂಗು ಕೇಳಿದರೆ ಮರಿಗಳು ಎಲ್ಲಿವೆಯೋ ಅಲ್ಲೇ ನೆಲಕ್ಕೆ ಮೈಯೊತ್ತಿ ಮಲಗುತ್ತವೆ, ಭಯ ಹೋಗುವ ತನಕ ಏಳುವುದಿಲ್ಲ ಎಂದು. ಅವು ಇದ್ದದ್ದು ನಡು ಅಂಗಳದಲ್ಲಿ. ನನ್ನ ಅಂಗೈ ಎಂಟರ ತನಕ ತಡೆದ ಜಲ್ಲಿಯ ಮೇಲೆ.

‘ಸ್ಟಾಕ್ ಖಾಲಿ ಸಾರ್’ ಎಂದು ಪಿಸುಗುಟ್ಟಿದೆ.

‘ಥೂ ನಿನ್ನ, ಮರೆತುಬಿಟ್ನಂತೆ!’ ಎಂದು ಹಿಂದಿನಿಂದ ಯಾರೋ ತಲೆಗೆ ಮೊಟಕಿದರು. ‘ಹಕ್ಕಿಗೆ ಹೆದರ್ಕೊಂಡ ಕಣ್ರೋ’ ಎಂದು ಇನ್ನೊಬ್ಬರು. ಪರವಾಗಿಲ್ಲ, ಎಲ್ಲರನ್ನೂ ಆಡಿಕೊಂಡವನು ಒಂದು ದಿನ ಆಡಿಸಿಕೊಳ್ಳಲಿ. ಬಾಯಿ ಬಿಗಿ ಹಿಡಿದೆ.

ಎರಡು ಮರಿಗಳು ಸರಸರನೆ ಮುಂದೆ ಹೋದವು. ಮೂರನೆಯದು ಎರಡು ಕಲ್ಲುಗಳ ಸಂದಿಗೆ ಜಾರಿ, ಎದ್ದು, ಮತ್ತೆ ಜಾರಿ, ಅಲ್ಲೇ ನಿಂತುಬಿಟ್ಟಿತು. ಅದರ ಪುಟ್ಟ ಬಾಯಿ ತೆರೆದುಕೊಂಡಿತು. ತಮಾಷೆ ಮಾಡುತ್ತಿದ್ದವರೆಲ್ಲ ಶಟರಿಗೆ ಇನ್ನೂ ಹತ್ತಿರ ಬಗ್ಗಿದರು. ‘ಎದ್ದು ಬಾ, ಎದ್ದು ಬಾ’ ಎಂದು ಅಣ್ಣ ಉಸಿರಿನಲ್ಲೇ ಹೇಳುತ್ತಿದ್ದ. ಮೇಡಂ ನನ್ನ ತೋಳು ಹಿಡಿದಿದ್ದರು, ಉಗುರು ಇಳಿಯುವಷ್ಟು.

ತಾಯಿಯೋ ತಂದೆಯೋ, ಒಂದು ಹಕ್ಕಿ ಬೋಗುಣಿಗೆ ಓಡಿ ಕುಕ್ಕರಿಸಿ ಎದ್ದಿತು. ನೀರು ತೊಟ್ಟಿಕ್ಕಿಸುತ್ತಾ ಬಂದು ಆ ಮೂರನೆಯ ಮರಿಗೆ ನೆರಳಾಗಿ ನಿಂತಿತು. ಮರಿ ಆ ಒದ್ದೆ ಗರಿಗಳೊಳಗೆ ತಲೆ ಹುದುಗಿಸಿತು. ಮುಂದೆ ಹೋಗಿದ್ದ ಎರಡೂ ತಿರುಗಿ ಓಡಿ ಬಂದು ತಾವೂ ಒಳಗೆ ನುಗ್ಗಿದವು. ಈಗ ಜಲ್ಲಿಯ ಮೇಲೆ ಒಂದೇ ಹಕ್ಕಿ ಕಾಣುತ್ತಿತ್ತು, ಆದರೆ ಎಂಟು ಕಾಲು.

‘ಮೇಡಂ, ಇದು ಪಾಸೋ ಫೇಲೋ?’ ಎಂದ ಅಣ್ಣ ಮೆಲ್ಲಗೆ.

‘ಶ್! ಮೊದ್ಲು ನೆರಳಿಗೆ ಸೇರ್ಲಿ’ ಎಂದರು ಮೇಡಂ. ನಾವೆಲ್ಲ ಬಗ್ಗಿಕೊಂಡೇ ನಿಂತೆವು. ಎಂಟು ಕಾಲುಗಳು ಒಂದೊಂದೇ ಹೆಜ್ಜೆಯಾಗಿ ಗಾಡಿಯ ಕಡೆ ಹೊರಟವು.